ಸಮಾಜಕಾರ್ಯವನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಯೋಚನೆಯಿದೆ: ಅನುಭವಿಗಳ ಅಭಿಪ್ರಾಯ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಸಮಾಜಶಾಸ್ತ್ರ ನನ್ನ ಮುಖ್ಯ ವಿಷಯ. ಮುಂದೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೆಂಬ ಇಚ್ಛೆಯಿದೆ. ಆದರೆ ಮನೆಯಲ್ಲಿ ಈ ಮಾತೆತ್ತಿದಾಗಲೆಲ್ಲ, ಕಷ್ಟದಲ್ಲಿರುವವರಿಗೆ ನೆರವಾಗಲು ಒಳ್ಳೆಯ ಮನಸ್ಸಿದ್ದರೆ ಸಾಲದೇ, ಅದಕ್ಕೂ ಒಂದು ಪದವಿ ಬೇಕೇ ಎಂದು ಕೇಳುತ್ತಾರೆ. ಅವರಿಗೆ ಕೊಡಲು ನನ್ನಲ್ಲಿ ಸಮರ್ಪಕವಾದ ಉತ್ತರವಿಲ್ಲ. ಸಮಾಜಕಾರ್ಯಕರ್ತರು ನಿಜವಾಗಿ ಏನು ಮಾಡುತ್ತಾರೆ, ಅದು ಜೀವನಪರ್ಯಂತ ನಡೆಸಬಹುದಾದ ಉದ್ಯೋಗವೇ ಎಂಬುದನ್ನು ಈ ಕ್ಷೇತ್ರದಲ್ಲಿರುವವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಿಮ್ಮ ಮನೆಯವರ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಈ ವೃತ್ತಿಯ ಎಳವೆಯಲ್ಲಿಯೇ ಅದನ್ನು ಗಂಭೀರವಾಗಿ ಕೇಳಲಾಗಿತ್ತು. 1915ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಶಿಕ್ಷಣತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ಅವರು, ಸಮಾಜಕಾರ್ಯಕ್ಕೆ ತನ್ನದೇ ಆದ, ಮತ್ತೊಬ್ಬರಿಗೆ ಕಲಿಸಿಕೊಡಬಹುದಾದ ವಿಧಾನವಿನ್ನೂ ರೂಪುಗೊಂಡಿಲ್ಲ, ಆದ್ದರಿಂದ ಅದನ್ನು ಪೂರ್ಣ ಅರ್ಥದಲ್ಲಿ ವೃತ್ತಿಯೆನ್ನಲಾಗದು ಎಂದು ವಾದಿಸಿದರು. ಎರಡು ವರ್ಷಗಳ ಬಳಿಕ ಅಮೆರಿಕದ ಸಮಾಜಕಾರ್ಯಕರ್ತೆ ಮೇರಿ ರಿಚ್ಮಂಡ್ ಅವರು ಪ್ರಕಟಿಸಿದ ಗ್ರಂಥವು, ಒಂದು ಕುಟುಂಬದ ಪರಿಸ್ಥಿತಿಯನ್ನು ಕ್ರಮಬದ್ಧವಾಗಿ ಅರಿಯುವುದು ಹೇಗೆ, ಯಾರ ಹೇಳಿಕೆಗೆ ಎಷ್ಟು ತೂಕ ಕೊಡಬೇಕು, ಸಾಕ್ಷ್ಯವನ್ನು ಊಹೆಯಿಂದ ಬೇರ್ಪಡಿಸುವುದು ಹೇಗೆ ಎಂಬುದನ್ನು ವಿಸ್ತಾರವಾಗಿ ನಿರೂಪಿಸಿತು. ವ್ಯಕ್ತಿಗತ ಸಮಾಜಕಾರ್ಯಕ್ಕೆ, ಅಂದರೆ ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬದೊಡನೆ ಮಾಡುವ ಕೆಲಸಕ್ಕೆ, ಭದ್ರವಾದ ತಳಹದಿ ಸಿಕ್ಕಿದ್ದು ಅಲ್ಲಿಂದ.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ವೈದ್ಯ ರಿಚರ್ಡ್ ಕ್ಯಾಬಟ್ ಅವರು 1905ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಮಾಜಕಾರ್ಯವನ್ನು ಆರಂಭಿಸಿದ್ದು, ರೋಗಿಯ ಮನೆ, ದುಡಿಮೆ, ಚಿಂತೆಗಳನ್ನು ತಿಳಿಯದೆ ಕೇವಲ ಔಷಧದಿಂದ ಪ್ರಯೋಜನವಾಗದೆಂದು ಕಂಡುಕೊಂಡ ಮೇಲೆ. ಆ ಮಾತು ಇಂದಿಗೂ ನಿಜ. ಪಾರ್ಶ್ವವಾಯುವಿಗೆ ಚಿಕಿತ್ಸೆ ಪಡೆದ ಹಿರಿಯರೊಬ್ಬರನ್ನು ಮನೆಗೆ ಕಳುಹಿಸಲು ವೈದ್ಯರು ಒಪ್ಪಿದ್ದಾರೆ ಎಂದುಕೊಳ್ಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರುಗಳಿರುತ್ತವೆ, ಮುಂದಿನ ಭೇಟಿಯ ದಿನಾಂಕವಿರುತ್ತದೆ. ಹಗಲಿಡೀ ಮಗಳು ಕೆಲಸದಲ್ಲಿರುತ್ತಾಳೆ, ಬಚ್ಚಲಿಗೆ ಹೋಗಲು ಎರಡು ಮೆಟ್ಟಿಲು ಇಳಿಯಬೇಕು, ಶೌಚಕ್ಕೆ ಮತ್ತೊಬ್ಬರನ್ನು ಕರೆಯಲು ಸಂಕೋಚಪಟ್ಟು ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ ಎಂಬುದು ಯಾವ ಚೀಟಿಯಲ್ಲಿಯೂ ಇರುವುದಿಲ್ಲ. "ಏನಾದರೂ ತೊಂದರೆಯಿದೆಯೇ?" ಎಂದು ಕೇಳಿದರೆ "ಏನಿಲ್ಲ" ಎಂದೇ ಅವರು ಹೇಳುತ್ತಾರೆ. ಪಕ್ಕದಲ್ಲಿ ಕುಳಿತು, "ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತೀರಿ, ಒಂದೊಂದಾಗಿ ಹೇಳಿ" ಎಂದು ಕೇಳಿ, ಅವರು ತಡೆದಲ್ಲಿ ಅವಸರಪಡಿಸದೆ ಕಾದರೆ ಮಾತ್ರ ಅದು ಹೊರಬರುತ್ತದೆ.

ಬಳಿಕ ಇನ್ನೂ ಕಠಿಣವಾದ ಹಂತ ಬರುತ್ತದೆ. ಆರೈಕೆ ಕೇಂದ್ರವೇ ಲೇಸೆಂದು ಮಗಳು ಹೇಳಬಹುದು, ಮನೆಯೇ ಬೇಕೆಂದು ತಂದೆ ಹಟ ಹಿಡಿಯಬಹುದು. ಒಳ್ಳೆಯ ಮನಸ್ಸಿನವರು ಇಂಥಲ್ಲಿ ತಮಗೆ ಸರಿ ಕಂಡದ್ದನ್ನು ಮಾಡಿಸಿಬಿಡುತ್ತಾರೆ. ಆದರೆ ಅಪಾಯವನ್ನು ಅರಿಯುವ ಶಕ್ತಿ ಆ ಹಿರಿಯರಲ್ಲಿ ಇರುವವರೆಗೂ ನಿರ್ಧಾರ ಅವರದೇ. ಆ ನಿರ್ಧಾರ ಸಾಧ್ಯವಾದಷ್ಟು ಸುರಕ್ಷಿತವಾಗುವಂತೆ ವ್ಯವಸ್ಥೆ ಮಾಡುವುದು, ಮಗಳ ಆಯಾಸವನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸುವುದು ನಮ್ಮ ಹೊಣೆ. ಮನೆಯವರಿಗೆ ನೀವು ಕೊಡಬಹುದಾದ ಉತ್ತರ ಇದೇ ಎಂದು ನನಗನಿಸುತ್ತದೆ: ನೆರವಾಗುವ ಬಯಕೆಗೆ ತರಬೇತಿ ಬೇಕಿಲ್ಲದಿರಬಹುದು, ಮತ್ತೊಬ್ಬರ ಬದುಕಿನ ಯಜಮಾನಿಕೆಯನ್ನು ಕಸಿದುಕೊಳ್ಳದೆ ನೆರವಾಗುವುದಕ್ಕೆ ಬೇಕೇ ಬೇಕು.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅದನ್ನಷ್ಟೇ ಓದಿದರೆ ಸಮಾಜಕಾರ್ಯವೆಂದರೆ ಒಬ್ಬ ವ್ಯಕ್ತಿ, ಒಂದು ಕುಟುಂಬ ಎಂಬ ಭಾವನೆ ಉಳಿಯಬಹುದು. ವ್ಯಕ್ತಿಗತ ಕಾರ್ಯದ ಜೊತೆಗೆ ವೃಂದಗತ ಕಾರ್ಯ (ಗುಂಪುಗಳೊಡನೆ ಮಾಡುವ ಕೆಲಸ), ಸಮುದಾಯ ಸಂಘಟನೆ, ಸಾಮಾಜಿಕ ಕ್ರಿಯೆಗಳೂ (ವ್ಯವಸ್ಥೆಯನ್ನೇ ಬದಲಿಸುವ ಪ್ರಯತ್ನಗಳು) ಇದರ ವಿಧಾನಗಳೇ. ನಾನು ಸಮುದಾಯ ಸಂಘಟನೆಯಲ್ಲಿರುವುದರಿಂದ ಈ ಭಾಗವನ್ನು ಒತ್ತಿ ಹೇಳುತ್ತಿದ್ದೇನೆ.

ಸಮಾಜ ಸುಧಾರಕಿಯರಾದ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಶಿಕಾಗೊ ನಗರದ ವಲಸಿಗ ಕಾರ್ಮಿಕರ ನಡುವೆ ಹಲ್ ಹೌಸ್ ಎಂಬ ಸೇವಾಕೇಂದ್ರ ತೆರೆದು ಅಲ್ಲಿಯೇ ವಾಸಿಸತೊಡಗಿದರು. ನೆರೆಹೊರೆಯಲ್ಲಿ ಕಸ ಕೊಳೆಯುತ್ತಿದ್ದಾಗ ಪ್ರತಿ ಮನೆಯ ಕಾಯಿಲೆಗೆ ಬೇರೆ ಬೇರೆ ನೆರವು ನೀಡುವುದರಲ್ಲಿ ಅವರು ತೃಪ್ತರಾಗಲಿಲ್ಲ. 1895ರಲ್ಲಿ ಆಡಮ್ಸ್ ತಾವೇ ಆ ವಾರ್ಡಿನ ಕಸ ವಿಲೇವಾರಿಯ ತಪಾಸಣಾಧಿಕಾರಿಯಾಗಿ, ಕಸದ ಬಂಡಿಗಳು ಸರಿಯಾಗಿ ಓಡಾಡುವಂತೆ ನೋಡಿಕೊಂಡರು. ಅಲ್ಲಿಯೇ ನೆಲೆಸಿದ್ದ ಫ್ಲಾರೆನ್ಸ್ ಕೆಲ್ಲಿ ಕಡಿಮೆ ಕೂಲಿಗೆ ಅತಿಯಾಗಿ ದುಡಿಸಿಕೊಳ್ಳುತ್ತಿದ್ದ ಹೊಲಿಗೆ ಕೋಣೆಗಳ ಸ್ಥಿತಿಗತಿಯನ್ನು ಮನೆಮನೆಗೆ ಹೋಗಿ ದಾಖಲಿಸಿದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸುವುದನ್ನು ನಿಷೇಧಿಸಿದ 1893ರ ಇಲಿನಾಯ್ ರಾಜ್ಯದ ಕಾಯಿದೆಯ ಹಿಂದೆ ಅಂಥ ದಾಖಲೆಗಳ ಬಲವಿತ್ತು. ಒಂದೇ ಬೀದಿಯಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತಿದ್ದರೆ, ದೂರು ತಂದವರನ್ನು ಒಬ್ಬೊಬ್ಬರಾಗಿ ಸಂತೈಸುತ್ತಾ ಕೂರುವುದು ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸ ಮಾತ್ರ. 2014ರಲ್ಲಿ ಅಂಗೀಕೃತವಾದ ಸಮಾಜಕಾರ್ಯದ ಜಾಗತಿಕ ವ್ಯಾಖ್ಯೆಯೂ ಸಾಮಾಜಿಕ ಬದಲಾವಣೆ, ಸಾಮಾಜಿಕ ನ್ಯಾಯ ಮತ್ತು ಮಾನವ ಹಕ್ಕುಗಳನ್ನು ಈ ವೃತ್ತಿಯ ಕೇಂದ್ರದಲ್ಲಿಯೇ ಇರಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಬೇರೆಯವರ ನೋವನ್ನು ಕೇಳಿದರೆ ನಾನು ಬೇಗ ಕಲಕಿಹೋಗುತ್ತೇನೆ. ಅಂಥವರು ಇಲ್ಲಿ ಬಹುಕಾಲ ನಿಲ್ಲಬಲ್ಲರೇ? ವ್ಯಾಸಂಗದಲ್ಲಿ ಇದಕ್ಕೇನಾದರೂ ಸಿದ್ಧತೆಯಿರುತ್ತದೆಯೇ?

ಮೂರನೆಯ ಉತ್ತರ

ಕ್ಷೇತ್ರಕಾರ್ಯದ (ಸಂಸ್ಥೆ, ಸಮುದಾಯಗಳಲ್ಲಿ ವಿದ್ಯಾರ್ಥಿಗಳು ಪಡೆಯುವ ಪ್ರಾಯೋಗಿಕ ತರಬೇತಿಯ) ಮಾರ್ಗದರ್ಶಕನಾಗಿ ವಿದ್ಯಾರ್ಥಿಗಳಿಂದ ನಾನು ಪದೇ ಪದೇ ಕೇಳುವ ಪ್ರಶ್ನೆ ಇದು. ಕಲಕಿಹೋಗುವುದು ಅನರ್ಹತೆಯಲ್ಲ. ಆ ತಳಮಳವನ್ನು ಗಮನಿಸದೆ ಕೆಲಸ ಮಾಡಿದರೆ ಮಾತ್ರ ಅಪಾಯ. ಸಮಾಜಕಾರ್ಯದ ವ್ಯಾಸಂಗದಲ್ಲಿ ತರಗತಿಯಷ್ಟೇ ಮಹತ್ವ ಕ್ಷೇತ್ರಕಾರ್ಯಕ್ಕಿದೆ. ವಿದ್ಯಾರ್ಥಿಯು ಸೇವಾರ್ಥಿಯೊಡನೆ, ಅಂದರೆ ನೆರವು ಪಡೆಯುತ್ತಿರುವವರೊಡನೆ, ನಡೆಸಿದ ಸಂಭಾಷಣೆಯನ್ನು ನೆನಪಿನಿಂದ ಮಾತಿಗೆ ಮಾತು ಬರೆದು, ಪಕ್ಕದ ಅಂಕಣದಲ್ಲಿ ಆ ಕ್ಷಣ ತನಗೇನನಿಸಿತು ಎಂಬುದನ್ನು ಬರೆಯುತ್ತಾನೆ. ಅದನ್ನು ಮುಂದಿಟ್ಟುಕೊಂಡು ಕುಳಿತಾಗ, ತಾಯಿಯೊಬ್ಬಳು ಮಗನ ಸಾವನ್ನು ಪ್ರಸ್ತಾಪಿಸಿದ ಮರುಸಾಲಿನಲ್ಲಿಯೇ ವಿದ್ಯಾರ್ಥಿ ಪಡಿತರ ಚೀಟಿಯ ಬಗ್ಗೆ ಕೇಳಿರುವುದು ಕಾಣುತ್ತದೆ. ಏಕೆ ವಿಷಯ ಬದಲಾಯಿತು? ಆ ದುಃಖವನ್ನು ಎದುರಿಸಲು ಆಗದೆ ಅವನು ಪಕ್ಕಕ್ಕೆ ಸರಿದಿರುತ್ತಾನೆ. ಇದನ್ನು ತನ್ನ ಕೈಬರಹದಲ್ಲಿಯೇ ಕಂಡ ವಿದ್ಯಾರ್ಥಿ ಮುಂದಿನ ಭೇಟಿಯಲ್ಲಿ ಇನ್ನೊಂದಿಷ್ಟು ಹೊತ್ತು ಮೌನವಾಗಿ ಕುಳಿತಿರಲು ಕಲಿಯುತ್ತಾನೆ.

ಇದರೊಡನೆ ಗೋಪ್ಯತೆಯ ಶಿಸ್ತೂ ಬರುತ್ತದೆ. ಸೇವಾರ್ಥಿ ಹೇಳಿದ್ದನ್ನು ಮನೆಯಲ್ಲಿ, ಸ್ನೇಹಿತರಲ್ಲಿ ಆಡುವಂತಿಲ್ಲ. ಅದೇ ವೇಳೆಗೆ, ಮಗುವೊಂದಕ್ಕೆ ಹಿಂಸೆಯಾಗುತ್ತಿದೆಯೆಂದೋ, ಯಾರದಾದರೂ ಜೀವಕ್ಕೆ ಅಪಾಯವಿದೆಯೆಂದೋ ತಿಳಿದಾಗ ಸುಮ್ಮನಿರುವಂತೆಯೂ ಇಲ್ಲ; ಈ ಮಿತಿಯನ್ನು ಮೊದಲ ಭೇಟಿಯಲ್ಲಿಯೇ ಅವರಿಗೆ ತಿಳಿಸಬೇಕು. ಮನಸ್ಸಿನ ಭಾರವನ್ನು ಇಳಿಸಲು ಇರುವ ಯೋಗ್ಯವಾದ ಸ್ಥಳವೆಂದರೆ ಮೇಲ್ವಿಚಾರಕರೊಡನೆ ನಿಯಮಿತವಾಗಿ ನಡೆಯುವ ಮಾತುಕತೆ. ಪದವಿ ಪಡೆದ ಮೇಲೂ ಅದನ್ನು ಬಿಡಬಾರದು. ಅತಿಯಾದ ಪ್ರಕರಣಗಳ ಹೊರೆ ಇದ್ದು ಇಂಥ ಮಾತುಕತೆಯೂ ಇಲ್ಲದ ಕಡೆ ಗಟ್ಟಿ ಮನಸ್ಸಿನವರೂ ದಣಿದುಹೋಗುತ್ತಾರೆ.

ಉದ್ಯೋಗದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಆಸ್ಪತ್ರೆ, ಮಾನಸಿಕ ಆರೋಗ್ಯ, ಮಕ್ಕಳ ರಕ್ಷಣೆ, ಶಾಲೆ, ಕಾರಾಗೃಹ, ವೃದ್ಧರ ಆರೈಕೆ, ವಿಪತ್ತು ಪರಿಹಾರ, ಸಂಶೋಧನೆ ಹೀಗೆ ಅವಕಾಶಗಳು ಹರಡಿಕೊಂಡಿವೆ, ಮತ್ತು ಒಂದರಿಂದ ಮತ್ತೊಂದಕ್ಕೆ ಸಾಗಲು ಸಾಧ್ಯವಿದೆ. ಹಲವು ದೇಶಗಳಲ್ಲಿ ನೋಂದಣಿಯಿಲ್ಲದೆ ಈ ವೃತ್ತಿಯನ್ನು ನಡೆಸುವಂತಿಲ್ಲ, ಆದ್ದರಿಂದ ಎಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಅಲ್ಲಿನ ನಿಯಮವನ್ನು ಮೊದಲೇ ತಿಳಿದುಕೊಳ್ಳಿ. ಯೋಜನೆಯ ಅವಧಿಗೆ ಸೀಮಿತವಾದ ಗುತ್ತಿಗೆ ಹುದ್ದೆಗಳು ಸಾಕಷ್ಟಿವೆ; ಇದನ್ನು ಮನೆಯವರಿಂದ ಮುಚ್ಚಿಡಬೇಡಿ.

ಕೋರ್ಸ್ ಆರಿಸುವ ಮುನ್ನ ವಿಭಾಗದವರನ್ನು ಕಂಡು, ಕ್ಷೇತ್ರಕಾರ್ಯಕ್ಕೆ ವಾರದಲ್ಲಿ ಎಷ್ಟು ದಿನ ಮೀಸಲಿದೆ, ಒಬ್ಬ ಮಾರ್ಗದರ್ಶಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳಿರುತ್ತಾರೆ, ಅವರು ವಿದ್ಯಾರ್ಥಿಯ ವರದಿಯನ್ನು ಓದಿ ಎದುರು ಕುಳಿತು ಚರ್ಚಿಸುತ್ತಾರೋ ಅಥವಾ ಸಹಿ ಹಾಕಿ ಹಿಂದಿರುಗಿಸುತ್ತಾರೋ ಎಂದು ವಿಚಾರಿಸಿ. ಸಾಧ್ಯವಾದರೆ ಕೊನೆಯ ಪ್ರಶ್ನೆಯನ್ನು ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳಲ್ಲಿಯೂ ಕೇಳಿ.