ಪದಚರ್ಚೆ: ಸಂಖ್ಯೆ ಪಡೆಯುವ ‘ಅಕ್ಷರ’, ಕಣ್ಣಿಗೆ ಕಾಣುವ ‘ಅಕ್ಷರ’

ಮಾನ್ಯರೆ,

ಚೀನೀ, ಜಪಾನೀ ಮತ್ತು ಕೊರಿಯನ್ ಬರಹವನ್ನು ಯೂನಿಕೋಡ್ (ಕಂಪ್ಯೂಟರಿಗಾಗಿ ಜಗತ್ತಿನ ಲಿಪಿಗಳ ಅಂಶಗಳಿಗೆ ಸಂಖ್ಯೆ ಕೊಡುವ ಮಾನಕ) ಹೇಗೆ ಅಳವಡಿಸಿಕೊಂಡಿದೆ ಎಂಬುದರ ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಪದದ ತೊಡಕು ಎದುರಾಗಿದೆ. ಇಂಗ್ಲಿಷಿನಲ್ಲಿ ‘ಕ್ಯಾರೆಕ್ಟರ್’ (ಸಂಖ್ಯೆ ಪಡೆಯುವ ಅಂಶ) ಮತ್ತು ‘ಗ್ಲಿಫ್’ (ಕಣ್ಣಿಗೆ ಕಾಣುವ ರೂಪ) ಎಂದು ಬೇರ್ಪಡಿಸಿ ಹೇಳುವ ಎರಡು ಸಂಗತಿಗಳನ್ನೂ ನಾವು ‘ಅಕ್ಷರ’ ಎಂದೇ ಕರೆಯುತ್ತ ಬಂದಿದ್ದೇವೆ. ಹಾನ್ ಲಿಪಿಯ, ಅಂದರೆ ಈ ಭಾಷೆಗಳು ಹಂಚಿಕೊಂಡ ಚೀನೀ ಮೂಲದ ಲಿಪಿಯ, ವಿಷಯ ಬಂದಾಗ ಈ ಒಂದೇ ಪದದಿಂದ ಕೆಲಸ ಸಾಗುವುದಿಲ್ಲ.

‘ಮೂಳೆ’ ಎಂಬ ಅರ್ಥದ ಹಾನ್ ಅಕ್ಷರವನ್ನೇ ತೆಗೆದುಕೊಳ್ಳಿ. ಅದರ ತಲೆಯ ಭಾಗದಲ್ಲಿ, ಚೌಕಟ್ಟಿನೊಳಗೆ ಒಂದು ಪುಟ್ಟ ಮೂಲೆಯಿದೆ. ಚೀನಾದ ಇಂದಿನ ಮುದ್ರಣದಲ್ಲಿ ಅದು ಎಡಕ್ಕಿರುತ್ತದೆ, ಜಪಾನಿನಲ್ಲಿ ಬಲಕ್ಕೆ. ಯೂನಿಕೋಡಿನಲ್ಲಿ ಮಾತ್ರ ಎರಡಕ್ಕೂ 9ಎಎ8 (ಹದಿನಾರರ ಎಣಿಕೆಯಲ್ಲಿ ಬರೆದದ್ದು, ಹಾಗಾಗಿ ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರ) ಎಂಬ ಒಂದೇ ಸಂಖ್ಯೆ. ತೆರೆಯ ಮೇಲೆ ಯಾವ ರೂಪ ಮೂಡಬೇಕೆಂಬುದು ಫಾಂಟನ್ನೂ, ಪಠ್ಯ ಯಾವ ಭಾಷೆಯದೆಂದು ತಿಳಿಸುವ ಗುರುತನ್ನೂ ಅವಲಂಬಿಸಿದೆ. ಆ ಗುರುತು ಇಲ್ಲದಿದ್ದರೆ ಜಪಾನೀ ವಾಕ್ಯದ ನಡುವೆ ಚೀನೀ ರೂಪ ಬಂದು ಕೂರುವುದುಂಟು. ಇದಕ್ಕೆ ಎದುರಾಗಿ, ‘ಬಾಗಿಲು, ಮನೆ’ ಎಂಬ ಅರ್ಥದ ಅಕ್ಷರದ ನೆತ್ತಿಯ ಗೆರೆ ಒಂದೆಡೆ ಓರೆಯಾಗಿ, ಇನ್ನೊಂದೆಡೆ ಬರಿಯ ಚುಕ್ಕೆಯಾಗಿ, ಜಪಾನಿನಲ್ಲಿ ಅಡ್ಡಗೆರೆಯಾಗಿ ಇರುತ್ತದೆ, ಅದಕ್ಕೆ 6236, 6237, 6238 ಎಂಬ ಮೂರು ಸಂಖ್ಯೆಗಳಿವೆ. ಯಾವುದಾದರೂ ದೇಶದ ಹಳೆಯ ಮಾನಕವೊಂದರಲ್ಲೇ ಎರಡು ರೂಪಗಳಿಗೆ ಬೇರೆ ಸಂಖ್ಯೆಗಳಿದ್ದರೆ, ಹಳೆಯ ಕಡತಗಳನ್ನು ನಷ್ಟವಿಲ್ಲದೆ ಪರಿವರ್ತಿಸಲು ಯೂನಿಕೋಡೂ ಅವನ್ನು ಬೇರೆಯಾಗಿಯೇ ಉಳಿಸಿಕೊಂಡಿತು. ಜಪಾನಿನ ಮಾನಕದಿಂದ ‘ಕತ್ತಿ’ಯ ಆರು ರೂಪಗಳು ಹಾಗೆಯೇ ಉಳಿದು ಬಂದವು. 1992ರಲ್ಲಿ ಹೀಗೆ ಒಗ್ಗೂಡಿಸಿದ ಮೊದಲ ಕಂತಿನಲ್ಲಿ 20,902 ಹಾನ್ ಅಕ್ಷರಗಳಿದ್ದವು. ಈಗ ಹೇಳಿ: ಮೂಳೆಯದು ಒಂದು ಅಕ್ಷರವೋ ಎರಡೋ?

ಇದು ನಮಗೆ ಅಪರಿಚಿತವಾದ ಪ್ರಶ್ನೆಯೇನಲ್ಲ. 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಕನ್ನಡದ ‘ಕ’ಕ್ಕೂ ದೇವನಾಗರಿಯ ‘ಕ’ಕ್ಕೂ 179 ಎಂಬ ಒಂದೇ ಸಂಖ್ಯೆಯಿತ್ತು, ಲಿಪಿ ಯಾವುದೆಂಬುದನ್ನು ಬೇರೊಂದು ಗುರುತು ಹೇಳುತ್ತಿತ್ತು. ಯೂನಿಕೋಡ್ ನಮ್ಮ ಲಿಪಿಗಳನ್ನು ಬಿಡಿಸಿಟ್ಟಿತು, ಹಾನ್ ಲಿಪಿಯನ್ನು ಒಗ್ಗೂಡಿಸಿತು. ಈ ಹೋಲಿಕೆ ಕನ್ನಡದ ಓದುಗರಿಗೆ ವಿಷಯವನ್ನು ಬೇಗ ಮನದಟ್ಟು ಮಾಡಿಸುತ್ತದೆಂದು ನಂಬಿದ್ದೇನೆ.

ಇನ್ನು ಪದಗಳ ಮಾತು. ‘ಸ್ತ್ರೀ’ ಎಂಬುದು ಓದುಗರಿಗೆ ಒಂದೇ ಅಕ್ಷರ, ಯೂನಿಕೋಡಿಗೆ ಆರು ಸಂಖ್ಯೆಗಳ ಸಾಲು. ಆದ್ದರಿಂದ ‘ಅಕ್ಷರ’ವನ್ನು ಓದುಗರ ಅರ್ಥಕ್ಕೇ ಬಿಟ್ಟು, ಸಂಖ್ಯೆ ಪಡೆಯುವ ಅಂಶವನ್ನು ‘ಲಿಪಿಘಟಕ’ ಎನ್ನಬಹುದೇ? ‘ವರ್ಣ’ ಒಗ್ಗುವುದಿಲ್ಲ, ಅದು ಧ್ವನಿಗೆ ಅಂಟಿದ ಪದ, ಹಾನ್ ಘಟಕಗಳಾದರೋ ಒಂದೊಂದು ಭಾಷೆಯಲ್ಲಿ ಒಂದೊಂದು ಉಚ್ಚಾರ ಪಡೆಯುವಂಥವು.

ಕಣ್ಣಿಗೆ ಕಾಣುವ ರೂಪಕ್ಕೆ ‘ಅಕ್ಷರರೂಪ’ ಎಂಬ ಸೂಚನೆ ಬಂದಿದೆ. ಆದರೆ ಒತ್ತಿನ ರೂಪ ತಾನಾಗಿ ಅಕ್ಷರವಲ್ಲ. ನನ್ನ ಮನಸ್ಸು ‘ಮೊಳೆ’ಯ, ಅಂದರೆ ಅಚ್ಚಿಗೆ ಜೋಡಿಸುವ ಸೀಸದ ತುಂಡಿನ, ಕಡೆಗಿದೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರ ಖಾನೆಗಳಲ್ಲಿ ಒತ್ತಿಗೂ ತನ್ನದೇ ಮೊಳೆಯಿರುತ್ತಿತ್ತು. ದಪ್ಪ ‘ಕ’ ಮತ್ತು ಸಣ್ಣ ‘ಕ’ ಎರಡು ಮೊಳೆಗಳಾಗಿದ್ದರೂ ‘ಕ’ ಒಂದೇ ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಎಡಮೂಲೆಯ ಮೊಳೆ, ಬಲಮೂಲೆಯ ಮೊಳೆ, ಲಿಪಿಘಟಕ ಒಂದು ಎಂದರೆ ಮಾತು ಸ್ಪಷ್ಟವಾಗುತ್ತದೆ. ಸೀಸದ ಮೊಳೆಯನ್ನು ಕಂಡಿರದ ಓದುಗರು ಗೋಡೆಗೆ ಹೊಡೆಯುವ ಮೊಳೆಯನ್ನು ನೆನೆದಾರು ಎಂಬ ಅಳುಕು ಮಾತ್ರ ಇದೆ. ‘ಅಚ್ಚುಮೊಳೆ’ ಎಂದರೆ ಆ ತೊಂದರೆ ನೀಗುತ್ತದೆಯೇ? ಅಚ್ಚಿನ ಕೆಲಸವನ್ನು ಹತ್ತಿರದಿಂದ ಬಲ್ಲವರು, ಇದಕ್ಕೆ ಬೇರೆ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಬೇಕು.