ಓದುಗರ ಸ್ಪಂದನ: ಪತಿಯ ಒಪ್ಪತ್ತು ಬಿಡಿಸುವುದು ಹೇಗೆ?

ಕಳೆದ ವಾರ ದಾವಣಗೆರೆಯ ಓದುಗರೊಬ್ಬರು ಬರೆದಿದ್ದರು: ‘ಶ್ರಾವಣಕ್ಕೆಂದು ಒಪ್ಪತ್ತು ಹಿಡಿದ ಪತಿ ಇನ್ನೂ ಬಿಟ್ಟಿಲ್ಲ. ಬರೀ ನೆಲದ ಮೇಲೆ ಮಲಗುತ್ತಾರೆ. ಸೋಮವಾರ ನೀರೂ ಮುಟ್ಟುವುದಿಲ್ಲ. ಶುಗರ್ ಇದೆ. ಕೇಳಿದರೆ, ನಿನಗೆ ಭಕ್ತಿ ಸಾಲದು ಎನ್ನುತ್ತಾರೆ. ಏನು ಮಾಡಲಿ?’

ತಂಗಿ, ನಮ್ಮಣ್ಣನೂ ಹೀಗೇ ಮಾಡಿದ್ದ. ನಾನು ಬುದ್ಧನ ಕಥೆ ತೆಗೆದೆ. ಆರು ವರ್ಷ ಮೈ ದಂಡಿಸಿ ಎಲುಬಿನ ಗೂಡಾದ ಮೇಲೆ ಸುಜಾತೆ ಕೊಟ್ಟ ಪಾಯಸ ಉಂಡ, ಜ್ಞಾನ ಸಿಕ್ಕಿದ್ದು ಆಮೇಲೆ ಎಂದೆ. ‘ನಾನೇನು ಬುದ್ಧನಾ?’ ಅಂದ. ಅಲ್ಲಿಗೆ ನನ್ನ ಮೇಷ್ಟ್ರಗಿರಿ ಮುಗಿಯಿತು. ಆದರೆ ಆ ಕಥೆಯಲ್ಲಿ ಇನ್ನೊಂದು ಮಾತಿದೆ. ಉಂಡದ್ದು ನೋಡಿ ಜೊತೆಗಿದ್ದ ಐವರು, ಇವನು ಸುಖಕ್ಕೆ ಬಿದ್ದ ಅಂತ ಬಿಟ್ಟು ಹೋದರು. ಅಣ್ಣನಿಗೂ ಅದೇ ಭಯ. ಓಣಿಯವರೆಲ್ಲ ಕಾಲಿಗೆ ಬೀಳಲು ಶುರು ಮಾಡಿದ್ದರು. ಮರ ಹತ್ತಿದವನಿಗೆ ಇಳಿಯಲು ಏಣಿ ಬೇಕಲ್ವಾ? ಅತ್ತಿಗೆ ಜಾಣೆ. ವಾದ ಮಾಡಲಿಲ್ಲ. ನಾಯಕನಹಟ್ಟಿ ತೇರಿಗೆ ಕರೆದುಕೊಂಡು ಹೋಗಿ, ‘ವ್ರತ ಸ್ವಾಮಿಗೆ ಒಪ್ಪಿಸಿಬಿಡಿ’ ಎಂದರು. ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದವರು, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದವರು. ಅವರ ಸನ್ನಿಧಿಯಲ್ಲಿ ಪ್ರಸಾದ ಬೇಡ ಎನ್ನಲು ಆಗುತ್ತದಾ? ಉಂಡ. ಊರಲ್ಲಿ ಯಾರೂ ನಗಲಿಲ್ಲ. ಈಗ ಬೆಳಿಗ್ಗೆ ಅರ್ಧ ಗಂಟೆ ಪೂಜೆ, ಆಮೇಲೆ ಎರಡು ರೊಟ್ಟಿ. ಪಲ್ಯ ಸಪ್ಪಗಾದರೆ ಬೈಗುಳವೂ ಉಂಟು.
— ನಿವೃತ್ತ ಶಿಕ್ಷಕ, ಚಳ್ಳಕೆರೆ

ಭಕ್ತಿ ವಿಚಾರ ಆಮೇಲೆ, ಮೊದಲು ಶುಗರ್ ನೋಡಿ. ಕೆಲವು ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಮಾತ್ರೆಯನ್ನೇ ಬಿಟ್ಟರೆ ಏರುತ್ತದೆ. ಎರಡೂ ಕೆಟ್ಟದ್ದೇ. ಕೈ ನಡುಗಿದರೆ, ಬೆವರಿದರೆ ತಕ್ಷಣ ಚೆಕ್ ಮಾಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಆಗ ಸೋಮವಾರ, ಮಂಗಳವಾರ ನೋಡಬೇಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಒಪ್ಪತ್ತು ಮುಂದುವರಿಸಲೇಬೇಕು ಎಂದರೆ ಮಾತ್ರೆಯ ಹೊತ್ತು, ಪ್ರಮಾಣ ಡಾಕ್ಟರೇ ಹೇಳಲಿ.
— ನರ್ಸ್, ದಾವಣಗೆರೆ

ನಾನೂ ಒಪ್ಪತ್ತಿನವನೇ, ಹನ್ನೊಂದು ವರ್ಷವಾಯಿತು. ಸುಮ್ನೆ ಎಲ್ಲರೂ ಒಪ್ಪತ್ತನ್ನು ಬೈಯಬೇಡಿ. ನನ್ನ ಬೀಡಿ ಚಟ ಬಿಟ್ಟಿದ್ದೇ ಅದರಿಂದ. ಆದರೆ ನಾನು ಉಣ್ಣದಿದ್ದರೂ ಹೆಂಡತಿಗೆ ಬಡಿಸಿ, ಅವಳು ಉಂಡ ಮೇಲೇ ಏಳುತ್ತೇನೆ. ‘ಭಕ್ತಿ ಸಾಲದು’ ಎಂಬ ಮಾತು ಓದಿ ಬೇಜಾರಾಯಿತು. ಅವರು ಊಟ ಬಿಟ್ಟಾಗಿನಿಂದ ನೀವು ಹೊಟ್ಟೆ ತುಂಬ ಉಣ್ಣುತ್ತಿದ್ದೀರಾ ತಾಯಿ? ಅದನ್ನು ನೀವು ಬರೆದೇ ಇಲ್ಲ.
— ರೈತ, ಹರಿಹರ