ಹೊಸ ಬೋರ್‌ವೆಲ್‌ಗೆ ಸೋಲಾರ್ ಪಂಪ್ ಹಾಕಿಸಿದರೆ ಎರಡೂವರೆ ಎಕರೆಗೆ ನೀರು ಸಾಕಾಗುತ್ತಾ?

ಪ್ರಶ್ನೆ: ಹೊಲದ ಮನೆ, ನಾಗಮಂಗಲ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಗಮಂಗಲ ತಾಲ್ಲೂಕು, ಬಿಂಡಿಗನವಿಲೆ ಹೋಬಳಿ. ಮಂಡ್ಯ ಅಂದ ಕೂಡಲೇ ಎಲ್ಲರಿಗೂ ಕಬ್ಬು, ಭತ್ತ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ನೆನಪಾಗುತ್ತದೆ. ನಮ್ಮ ಊರಿಗೆ ನಾಲೆ ಇಲ್ಲ. ಮಳೆ ಬಂದರೆ ರಾಗಿ, ಹುರುಳಿ. ಅದು ಬಿಟ್ಟರೆ ಬೋರ್‌ವೆಲ್ ನೀರೇ ಗತಿ.

ಕೆಳಗಿನ ಹೊಲದಲ್ಲಿ ಒಂದು ಹಳೆ ಬೋರ್ ಇದೆ. ಅದಕ್ಕೆ ಕರೆಂಟ್ ಇದೆ, ಬಿಲ್ಲೂ ಇಲ್ಲ. ಆದರೆ ತ್ರೀ ಫೇಸ್ ಒಂದು ವಾರ ಹಗಲು ಕೊಟ್ಟರೆ ಇನ್ನೊಂದು ವಾರ ರಾತ್ರಿ ಕೊಡುತ್ತಾರೆ. ರಾತ್ರಿ ಪಾಳಿ ಬಂದಾಗ ನಮ್ಮ ಯಜಮಾನರು ಒಂದು ಗಂಟೆಗೋ ಎರಡು ಗಂಟೆಗೋ ಎದ್ದು ಹೋಗಬೇಕು. ಹೋದ ಕಾರ್ತಿಕದಲ್ಲಿ ಸ್ಟಾರ್ಟರ್ ಡಬ್ಬದ ಕೆಳಗೆ ಕೊಳಕು ಮಂಡಲ ಸುತ್ತಿಕೊಂಡು ಮಲಗಿತ್ತು. ಟಾರ್ಚ್ ಬೆಳಕು ಅದರ ಮೇಲೆ ಬಿತ್ತು, ಹಾಗಾಗಿ ಬದುಕಿಕೊಂಡರು. ಅವತ್ತಿನಿಂದ ಅವರ ಟಾರ್ಚ್ ಬೆಳಕು ಬದುವಿನ ಮೇಲೆ ವಾಪಸ್ ಬರುವುದು ಕಾಣುವ ತನಕ ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಅಡಗಲು ಕಬ್ಬಿನ ಗದ್ದೆ ಇಲ್ಲದಿದ್ದರೂ ನಮ್ಮ ಕಡೆ ಚಿರತೆ ಕಾಟವೂ ಇದೆ.

ಈ ವರ್ಷ ಯುಗಾದಿಗೆ ಮುಂಚೆ ಮೇಲಿನ ಹೊಲದಲ್ಲಿ ಹೊಸ ಬೋರ್ ಕೊರೆಸಿದೆವು. 420 ಅಡಿ. ದೇವರ ದಯೆ, ಎರಡು ಇಂಚು ನೀರು ಬಿತ್ತು. ಪಂಪ್ 300 ಅಡಿಗೆ ಇಳಿಸಬೇಕು ಅಂತ ಮೋಟರ್‌ನವರು ಹೇಳಿದ್ದಾರೆ. ಅಲ್ಲಿಗೆ ಕರೆಂಟ್ ಲೈನ್ 800 ಮೀಟರ್ ದೂರ. 500 ಮೀಟರ್‌ಗಿಂತ ದೂರ ಇದ್ದರೆ ಸೋಲಾರ್ ಪಂಪ್‌ಗೆ ಸರ್ಕಾರ ಸಹಾಯಧನ ಕೊಡುವ ಕುಸುಮ್ ಯೋಜನೆಯಲ್ಲಿ ಸೋಲಾರ್ ಹಾಕಿಸಿಕೊಳ್ಳಿ ಅಂದರು. ಮೇಲಿನ ಹೊಲ 2 ಎಕರೆ 20 ಗುಂಟೆ. ಒಂದು ಎಕರೆ ಹಿಪ್ಪುನೇರಳೆ ಇಟ್ಟು ರೇಷ್ಮೆ ಮಾಡಬೇಕು, ಉಳಿದದ್ದರಲ್ಲಿ ತರಕಾರಿ, ರಾಗಿ ಅಂತ ನನ್ನ ಆಸೆ. ಸಂಘದಲ್ಲಿ ಸಾಲ ಸಿಗುತ್ತದೆ.

ನಮ್ಮ ಮಾವನವರಿಗೆ ಮನಸ್ಸಿಲ್ಲ. "ಮೋಡ ಮುಚ್ಚಿದರೆ ಏನು ಮಾಡ್ತೀಯಮ್ಮ? ಸೊಪ್ಪು ಒಣಗಿದರೆ ಹುಳ ಉಪವಾಸ ಬೀಳುತ್ತೆ" ಅನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನನಗೂ ಆಗುತ್ತಿಲ್ಲ. 5 ಎಚ್‌ಪಿ ಸಾಕಾಗುತ್ತಾ? ಹಾಕಿಸಿದವರು ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ 1: ಹಲಗೂರು ಕಡೆಯ ರೈತ

ತಂಗಿ, ನಮ್ಮದು ಮಳವಳ್ಳಿ ತಾಲ್ಲೂಕು, ಹಲಗೂರು ಹತ್ತಿರ. ನಮ್ಮದೂ ಮೇಲಿನ ಜಮೀನು, ನಾಲೆ ಹತ್ತುವುದಿಲ್ಲ. 5 ಎಚ್‌ಪಿ ಸೋಲಾರ್ ಹಾಕಿಸಿ ನಾಲ್ಕು ವರ್ಷ ಆಯಿತು. ನಿಮ್ಮ ಮಾವನವರು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ನಾನು ಮೊದಲ ವರ್ಷ ತುಂಬಾ ಒದ್ದಾಡಿದೆ.

ನಾನು ಮಾಡಿದ ತಪ್ಪು ಇಷ್ಟೇ. ಕರೆಂಟ್ ಮೋಟರ್ ತೆಗೆದು ಅದೇ ಜಾಗಕ್ಕೆ ಇನ್ನೊಂದು ಮೋಟರ್ ಇಟ್ಟ ಹಾಗೆ ಅಂದುಕೊಂಡೆ. ಹಾಗಲ್ಲ. ಕರೆಂಟ್ ಮೋಟರ್ ಗುಂಡಿ ಒತ್ತಿದರೆ ಒಂದೇ ಸಮ ನೀರು ಕೊಡುತ್ತದೆ. ಸೋಲಾರ್ ಪಂಪ್ ಬಿಸಿಲು ಏರಿದ ಹಾಗೆ ಏರುತ್ತದೆ, ಇಳಿದ ಹಾಗೆ ಇಳಿಯುತ್ತದೆ. ನಾನು ಒಂದು ದಿನ 200 ಲೀಟರ್ ಡ್ರಮ್ ಇಟ್ಟು, ಮೊಬೈಲ್‌ನಲ್ಲಿ ಟೈಮ್ ಹಿಡಿದು ಕೂತೆ. ನಮ್ಮ ಪಂಪೂ 300 ಅಡಿಯಲ್ಲೇ ಇದೆ. ಬೆಳಗ್ಗೆ ಏಳೂವರೆಗೆ ಪೈಪಿನ ಬಾಯಲ್ಲಿ ಹನಿ ನೀರಿಲ್ಲ. ಮೋಟರ್ ತಿರುಗುತ್ತಿದೆ, ಆದರೆ ನೀರನ್ನು ಅಷ್ಟು ಎತ್ತರಕ್ಕೆ ತಳ್ಳುವ ಶಕ್ತಿ ಬಂದಿಲ್ಲ. ಒಂಬತ್ತು ಗಂಟೆಗೆ ಡ್ರಮ್ ತುಂಬಲು ಮೂರೂವರೆ ನಿಮಿಷ ಹಿಡಿಯಿತು. ಹನ್ನೆರಡಕ್ಕೆ ಒಂದೂವರೆ ನಿಮಿಷ. ನಾಲ್ಕೂವರೆ ಆದ ಮೇಲೆ ಮತ್ತೆ ಸಣ್ಣ ದಾರ. ಅಂತೂ ಬಿಸಿಲು ಚೆನ್ನಾಗಿದ್ದ ದಿನ ಒಟ್ಟು 35ರಿಂದ 40 ಸಾವಿರ ಲೀಟರ್ ಬರುತ್ತದೆ. ಆಷಾಢದ ಮೋಡದಲ್ಲಿ ಇದರ ಅರ್ಧವೂ ಬರದ ದಿನಗಳಿವೆ.

ಈಗ ಲೆಕ್ಕ ನೋಡಿ. ಒಂದು ಎಕರೆಯಲ್ಲಿ ಒಂದು ಇಂಚು ನೀರು ನಿಲ್ಲಿಸಬೇಕಾದರೆ ಸುಮಾರು ಒಂದು ಲಕ್ಷ ಲೀಟರ್ ಬೇಕು. ನಮ್ಮಲ್ಲಿ ಹೊಲದ ಸಾಲು ಕಾಲುವೆಯಲ್ಲಿ ನೀರು ಹಾಯಿಸುವ ಪದ್ಧತಿಗೆ ಅದು ಜಾಸ್ತಿಯೂ ಅಲ್ಲ. ಅಂದರೆ ಒಂದೇ ಎಕರೆಗೆ ಎರಡೂವರೆ ಮೂರು ದಿನದ ನೀರು. ನಾನು ಮೊದಲ ವರ್ಷ ಹಾಗೇ ಹಾಯಿಸಿದೆ. ಮೂರನೇ ಸಾಲು ನೆನೆಯುವಷ್ಟರಲ್ಲಿ ಮೊದಲನೇ ಸಾಲು ಬಿರುಕು ಬಿಡುತ್ತಿತ್ತು. ಅದೇ ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲೂ ಎಕರೆಗೆ ದಿನಕ್ಕೆ 20 ಸಾವಿರ ಲೀಟರ್‌ನಲ್ಲಿ ಬೆಳೆ ತಡೆಯುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹಾಯಿಸಿದರೆ ಒಂದು ಎಕರೆಗೂ ಸಾಕಾಗಲ್ಲ, ಹನಿ ಹಾಕಿದರೆ ಎರಡು ಎಕರೆಗೆ ಸಾಕು. ಉಳಿದ ಅರ್ಧ ಎಕರೆಗೆ ಮಳೆಯಾಶ್ರಿತ ರಾಗಿ ಇಡಿ.

ಮೋಡದ ದಿನಕ್ಕೆ ಟ್ಯಾಂಕ್ ಬೇಕು. ನಾನು ಜಮೀನಿನ ಎತ್ತರದ ಮೂಲೆಯಲ್ಲಿ 12 ಅಡಿ ಉದ್ದ, 12 ಅಡಿ ಅಗಲ, 6 ಅಡಿ ಎತ್ತರದ ತೊಟ್ಟಿ ಕಟ್ಟಿಸಿದೆ. 24 ಸಾವಿರ ಲೀಟರ್ ಹಿಡಿಯುತ್ತದೆ. ಅದರಿಂದ ನೀರು ತಾನಾಗಿ ಇಳಿಯುತ್ತದೆ. ಆದರೆ ಒತ್ತಡ ಕಡಿಮೆ, ಉದ್ದ ಸಾಲಿನ ಕೊನೆಗೆ ನೀರು ಹೋಗಲ್ಲ. ಕಾಲು ಕಾಲು ಎಕರೆಗೆ ಒಂದೊಂದು ಗೇಟ್‌ವಾಲ್ ಹಾಕಿ ಸರದಿಯಲ್ಲಿ ಬಿಡುತ್ತೇನೆ.

ಇನ್ನೊಂದು ಮಾತು. ಇದು ನನಗೆ ಪಂಪ್‌ಗಿಂತ ದೊಡ್ಡದು. ಎರಡನೇ ವರ್ಷ ಹಿಪ್ಪುನೇರಳೆ ಸಾಲುಗಳ ಮಧ್ಯೆ ಕಬ್ಬಿನ ತರಗು, ತೆಂಗಿನ ಗರಿ, ಸಿಕ್ಕಿದ್ದೆಲ್ಲ ಹೊದಿಸಿದೆ. ಮೊದಲೆಲ್ಲ ತರಗಿಗೆ ಬೆಂಕಿ ಹಾಕುತ್ತಿದ್ದೆವು ಅಲ್ವಾ. ಚೈತ್ರದ ಬಿಸಿಲಲ್ಲಿ ನೀರು ಬಿಟ್ಟು ನಾಲ್ಕನೇ ದಿನ ತರಗು ಸರಿಸಿ ಕೈ ಇಟ್ಟೆ. ಮಣ್ಣು ತಣ್ಣಗಿತ್ತು, ಹಿಡಿದರೆ ಉಂಡೆ ಆಗುತ್ತಿತ್ತು, ಕೆಳಗೆ ಎರೆಹುಳದ ಹಿಕ್ಕೆ. ಪಕ್ಕದಲ್ಲಿ ಹೊದಿಕೆ ಇಲ್ಲದ ಸಾಲು ಪುಡಿ ಪುಡಿ. ಬದುವಿನ ಸುತ್ತ ಗೊಬ್ಬರದ ಗಿಡ ನೆಟ್ಟಿದ್ದೇನೆ, ಅದರ ಸೊಪ್ಪೂ ಅಲ್ಲಿಗೇ ಹೋಗುತ್ತದೆ. ಸೋಲಾರ್ ತಂದ ನೀರನ್ನು ಮಣ್ಣು ಹಿಡಿದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಬಿಸಿಲು ಎತ್ತಿಕೊಟ್ಟ ನೀರನ್ನು ಬಿಸಿಲೇ ವಾಪಸ್ ತೆಗೆದುಕೊಂಡು ಹೋಗುತ್ತದೆ.

ಒಂದು ಕಹಿ ಅನುಭವವನ್ನೂ ಹೇಳಬೇಕು. ಎರಡನೇ ವರ್ಷ ಏಪ್ರಿಲ್‌ನಲ್ಲಿ ಗುಡುಗು ಮಳೆಗೆ ಪ್ಯಾನೆಲ್ ಕರೆಂಟಿನಿಂದ ಮೋಟರ್ ಓಡಿಸುವ ಕಂಟ್ರೋಲರ್ ಡಬ್ಬ ಕೆಟ್ಟಿತು. ಹಾಕಿಕೊಟ್ಟವರು ಇವತ್ತು ನಾಳೆ ಅಂತ 22 ದಿನ ತಳ್ಳಿದರು. ಹುಳ ಮೂರನೇ ಜ್ವರಕ್ಕೆ, ಅಂದರೆ ಮೂರನೇ ಸಲ ಪೊರೆ ಬಿಡುವ ಹಂತಕ್ಕೆ ಬಂದಿತ್ತು. ಸೊಪ್ಪಿಗೆ ಊರೂರು ಅಲೆದು, ದುಬಾರಿ ಕೊಟ್ಟು ತಂದೆ. ಅರ್ಧ ಹುಳ ಕೈಬಿಟ್ಟು ಹೋಯಿತು. ನೀವು ಪಂಪ್ ಕೂರಿಸುವ ದಿನವೇ ಐದು ವರ್ಷದ ನಿರ್ವಹಣೆ ಪತ್ರವನ್ನು ಕೈಗೆ ತೆಗೆದುಕೊಳ್ಳಿ. ಪ್ಯಾನೆಲ್, ಕಂಟ್ರೋಲರ್, ಮೋಟರ್ ಮೂರರ ಸೀರಿಯಲ್ ನಂಬರ್ ಫೋಟೋ ತೆಗೆದಿಡಿ. ದೂರು ಬರೀ ಫೋನಲ್ಲಿ ಹೇಳಬೇಡಿ, ಬರವಣಿಗೆಯಲ್ಲಿ ಕೊಡಿ.

ಇಷ್ಟೆಲ್ಲ ಆದರೂ ನಾನು ಹಾಕಿಸಿ ಅಂತಲೇ ಹೇಳುತ್ತೇನೆ. ನಾಲ್ಕು ವರ್ಷದಿಂದ ನಾನು ರಾತ್ರಿ ಹೊಲಕ್ಕೆ ಹೋಗಿಲ್ಲ.

ಉತ್ತರ 2: ಪಂಪ್ ಮೆಕ್ಯಾನಿಕ್, ನಂಜನಗೂಡು

ಮೇಲಿನ ಅಣ್ಣ ನೀರಿನ ವಿಷಯ ಹೇಳಿದ್ದಾರೆ. ನಾನು ಕೂರಿಸುವ ಕೆಲಸದ ಬಗ್ಗೆ ಹೇಳುತ್ತೇನೆ ಅಕ್ಕಾ.

ಮೊದಲು ನೆರಳು. ಪ್ಯಾನೆಲ್‌ಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುತ್ತಾರೆ. ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಶಕ್ತಿ ಕುಸಿಯುತ್ತದೆ. ಈಗ ಬಿಸಿಲು ಚೆನ್ನಾಗಿ ಬೀಳುತ್ತಿದೆ ಅಂತ ಜಾಗ ಗುರುತು ಮಾಡಬೇಡಿ. ಧನುರ್ಮಾಸದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಆಗ ಮರದ ನೆರಳು ಉತ್ತರಕ್ಕೆ ಉದ್ದ ಚಾಚುತ್ತದೆ. 40 ಅಡಿ ತೆಂಗಿನ ಮರದ ನೆರಳು ಮಧ್ಯಾಹ್ನ ಮೂರಕ್ಕೆ ಸುಮಾರು 50 ಅಡಿ ಚಾಚುತ್ತದೆ. ನಿಮ್ಮ ಜಾಗದ ದಕ್ಷಿಣಕ್ಕೆ ಯಾವ ಮರ ಇದೆ, ಪಕ್ಕದವರದ್ದೂ ಸೇರಿಸಿ ನೋಡಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು. ಓರೆ ನಮ್ಮ ಕಡೆಗೆ 12ರಿಂದ 15 ಡಿಗ್ರಿ ಸಾಕು. ತೊಳೆಯುವುದು ಬೆಳಗಿನ ಜಾವ, ಗಾಜು ತಣ್ಣಗಿರುವಾಗ. ಬೋರ್ ನೀರು ಗಡುಸಾಗಿದ್ದರೆ ಬಿಳಿ ಕಲೆ ಕೂರುತ್ತದೆ, ತೊಳೆದ ಕೂಡಲೇ ಹತ್ತಿ ಬಟ್ಟೆಯಲ್ಲಿ ಒರೆಸಿ. ಬೂದಿ, ತೆಂಗಿನ ನಾರು ಹಾಕಿ ಉಜ್ಜಬೇಡಿ.

ಇದೊಂದು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಕರೆಂಟ್ ಮೋಟರ್‌ನಲ್ಲಿ ಫ್ಯೂಸ್ ಕಿತ್ತರೆ ವೈರ್ ಸತ್ತ ಹಾಗೆ. ಪ್ಯಾನೆಲ್‌ನಿಂದ ಬರುವ ವೈರ್‌ನಲ್ಲಿ ಹಗಲೆಲ್ಲ ಕರೆಂಟ್ ಇದ್ದೇ ಇರುತ್ತದೆ. 5 ಎಚ್‌ಪಿಗೆ ಐನೂರು ಆರುನೂರು ವೋಲ್ಟ್. ಇಲಿ ಕಡಿದಿದೆ ಅಂತ ಟೇಪ್ ಸುತ್ತಲು ಹೋಗಿ ಕೈ ಸುಟ್ಟುಕೊಂಡವರನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ವೈರ್‌ಗಳನ್ನು ಪೈಪ್ ಒಳಗೆ ಹಾಯಿಸಲು ಹೇಳಿ. ಅರ್ಥಿಂಗ್ ಗುಂಡಿ, ಸಿಡಿಲು ತಡೆಯುವ ಕಂಬಿ ಎರಡೂ ಹಾಕಿದ ಮೇಲೇ ಸಹಿ ಮಾಡಿ.

300 ಅಡಿಗೆ 5 ಎಚ್‌ಪಿ ಸರಿ. ಆದರೆ ಅದೇ ಆಳಕ್ಕೆ ಹೊಂದುವ ಪಂಪ್ ತಾನಾ ಅಂತ ಕೇಳಿ. ಕಡಿಮೆ ಆಳದ ಪಂಪ್ ಇಳಿಸಿದರೆ ಎಚ್‌ಪಿ ಅಷ್ಟೇ ಇದ್ದರೂ ನೀರು ಮೇಲೆ ಬರಲ್ಲ.

ಉತ್ತರ 3: ಕೆ.ಆರ್. ಪೇಟೆಯಿಂದ

ಕುಸುಮ್ 2019ರಲ್ಲಿ ಬಂದಾಗ ನಮ್ಮ ಪಾಲು ಜಾಸ್ತಿ ಇತ್ತು. ಆಮೇಲೆ ರಾಜ್ಯ ತನ್ನ ಪಾಲು 50ಕ್ಕೆ ಏರಿಸಿತು, ಕೇಂದ್ರದ್ದು 30, ರೈತರದ್ದು 20 ಪರ್ಸೆಂಟ್. ಅರ್ಜಿ ಸೌರಮಿತ್ರ ವೆಬ್‌ಸೈಟ್‌ನಲ್ಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹೆಸರು ಒಂದೇ ಥರ ಇರಲಿ. ಪಹಣಿ ಮಾವನವರ ಹೆಸರಲ್ಲಿದ್ದರೆ ಅರ್ಜಿಯೂ ಅವರ ಹೆಸರಲ್ಲೇ.

ನನಗೆ ಭಯ ಇರುವುದು ಬೇರೆ ಕಡೆ. ಏಳು ಗಂಟೆ ಕರೆಂಟ್ ಅಂದಾಗ ಬೋರ್‌ಗೆ ಉಳಿದ ಹೊತ್ತು ವಿಶ್ರಾಂತಿ ಸಿಗುತ್ತಿತ್ತು. ಸೋಲಾರ್ ಬಂದರೆ ವರ್ಷಪೂರ್ತಿ, ಬಿಸಿಲಿರುವ ತನಕ ಸುಮ್ನೆ ಓಡುತ್ತದೆ. ಖರ್ಚಿಲ್ಲ ಅಂತ ಯಾರೂ ನಿಲ್ಲಿಸುವುದಿಲ್ಲ. ನಮ್ಮ ಪಕ್ಕದ ಜಮೀನಿನಲ್ಲಿ ಹಾಗೇ ಓಡಿಸಿ, ಎರಡು ಇಂಚಿದ್ದ ನೀರು ಮೂರನೇ ಬೇಸಿಗೆಗೆ ಬಿಟ್ಟು ಬಿಟ್ಟು ಬರಲು ಶುರುವಾಯಿತು. ತೊಟ್ಟಿ ತುಂಬಿದ ಮೇಲೆ ಪಂಪ್ ತಾನಾಗಿ ನಿಲ್ಲುವ ಫ್ಲೋಟ್ ಸ್ವಿಚ್ ಹಾಕಿಸಿ ಅಕ್ಕ. ಬೋರ್ ಸುತ್ತ 10 ಅಡಿ ಉದ್ದ, ಅಗಲ, ಆಳದ ಇಂಗುಗುಂಡಿ ತೆಗೆಸಿ. ಗುಂಡಿಯೊಳಗೆ ಬರುವ ಬೋರಿನ ಕೇಸಿಂಗ್ ಪೈಪಿಗೆ ತೂತು ಹಾಕಿ ಜಾಲರಿ ಸುತ್ತಬೇಕು. ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಹೊಲದ ಮಳೆ ನೀರು ಒಂದು ಸಣ್ಣ ಗುಂಡಿಯಲ್ಲಿ ಹೂಳು ಬಿಟ್ಟು ಆಮೇಲೆ ಇದಕ್ಕೆ ಬರುವ ಹಾಗೆ ಮಾಡಿ. ಕೆಸರು ನೀರು ನೇರ ಬಿಟ್ಟರೆ ಬೋರ್ ಕಟ್ಟಿಕೊಳ್ಳುತ್ತದೆ.

ಹಿಪ್ಪುನೇರಳೆಯನ್ನು ಒತ್ತಾಗಿ ಇಡದೆ ಮರಕಡ್ಡಿ ಮಾಡಿ, ಅಂದರೆ ದೂರ ದೂರ ನೆಟ್ಟು ಮರದ ಹಾಗೆ ಬೆಳೆಸಿ. ಗಿಡದ ಸಂಖ್ಯೆ ಕಡಿಮೆ, ಬೇರು ಆಳಕ್ಕೆ ಇಳಿಯುತ್ತದೆ, ಒಂದೆರಡು ವಾರ ನೀರು ತಪ್ಪಿದರೂ ತಡೆದುಕೊಳ್ಳುತ್ತದೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರೇ ಬಿಡುಗಡೆ ಮಾಡಿದ ವಿ-1 ತಳಿ ನಮ್ಮಲ್ಲಿ ಚೆನ್ನಾಗಿ ಬರುತ್ತಿದೆ.

ಪ್ರಶ್ನೆ ಕೇಳಿದವರು: ಹೊಲದ ಮನೆ, ನಾಗಮಂಗಲ

ಅಣ್ಣಂದಿರಿಗೆಲ್ಲ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಎಲ್ಲವನ್ನೂ ಮಾವನವರಿಗೆ ಓದಿ ಹೇಳಿದೆ. ಡ್ರಮ್ಮಿನ ಲೆಕ್ಕ ಬಂದಾಗ ಇನ್ನೊಂದು ಸಲ ಓದು ಅಂದರು.

ಇವತ್ತು ಬೆಳಗ್ಗೆ ಮೂರೂ ಜನ ಮೇಲಿನ ಹೊಲಕ್ಕೆ ಹೋಗಿದ್ದೆವು. ಪ್ಯಾನೆಲ್‌ಗೆ ಅಂತ ನಾವು ಬಿಟ್ಟಿದ್ದ ಜಾಗದ ದಕ್ಷಿಣಕ್ಕೇ ಪಕ್ಕದವರ ಐದು ತೆಂಗಿನ ಮರ ಇವೆ. ನಂಜನಗೂಡಿನ ಅಣ್ಣ ಹೇಳದಿದ್ದರೆ ಅಲ್ಲೇ ಕೂರಿಸಿಬಿಡುತ್ತಿದ್ದೆವು. ಬೋರ್‌ನಿಂದ 50 ಅಡಿ ಮೇಲಕ್ಕೆ, ಬಂಡೆ ಹತ್ತಿರದ ಬರಡು ಜಾಗ ನೋಡಿದ್ದೇವೆ. ಅಲ್ಲಿ ಏನೂ ಬೆಳೆಯಲ್ಲ, ಸುತ್ತ ಮರವೂ ಇಲ್ಲ. ತೊಟ್ಟಿ ಎಲ್ಲಿ ಕಟ್ಟಬೇಕು ಅಂತ ಮಾವನವರೇ ಹೆಜ್ಜೆ ಹಾಕಿ ಅಳೆದು ನಾಲ್ಕು ಮೂಲೆಗೆ ಕಲ್ಲು ಇಟ್ಟರು. ಪಹಣಿ ಅವರ ಹೆಸರಲ್ಲೇ ಇದೆ, ಸೋಮವಾರ ಅವರನ್ನೇ ಕರೆದುಕೊಂಡು ಅರ್ಜಿ ಹಾಕಲು ಹೋಗುತ್ತೇವೆ. ಮೊದಲ ವರ್ಷ ಅರ್ಧ ಎಕರೆಗೆ ಮಾತ್ರ ಮರಕಡ್ಡಿ ಇಡುತ್ತೇನೆ. ನೀರು ನೋಡಿಕೊಂಡು ಮುಂದಿನದು.

ಹಲಗೂರಿನ ಅಣ್ಣಾ, ನಮ್ಮಲ್ಲಿ ಕಬ್ಬಿನ ತರಗು ಸಿಗಲ್ಲ. ರಾಗಿ ಹುಲ್ಲು ಎರಡು ಹಸುಗಳಿಗೇ ಬೇಕು. ಹುರುಳಿ ಹೊಟ್ಟು, ಹೊಂಗೆ ಸೊಪ್ಪು ಹೊದಿಸಿದರೆ ಗೆದ್ದಲು ಬರುತ್ತಾ?